ಮೇಸ್ತ್ರಿಗೆ ಹೇಳಿದ ಸುಳ್ಳು

ಮಂಗಳವಾರ, ಶುಕ್ರವಾರ ಹೆಂಡತಿಯನ್ನು ಬ್ಯಾಡಗಿಯಿಂದ ಹಾವೇರಿಗೆ ಡಯಾಲಿಸಿಸ್‌ಗೆ ಕರೆದೊಯ್ಯುವುದು ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ನನ್ನ ಮುಖ್ಯ ಕೆಲಸ. ಹದಿನೇಳು ವರ್ಷದ ನಮ್ಮ ಕಾರೇ ಅದಕ್ಕೆ ಆಸರೆ. ಒಂದು ಮಂಗಳವಾರ ಮೋಟೆಬೆನ್ನೂರು ದಾಟುತ್ತಲೇ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಏರಿತು. ಬಾನೆಟ್ಟಿನ ಸಂದಿಯಿಂದ ಉಗಿ ಎದ್ದಿತು.

"ನಿಲ್ಲಸ್ರಿ, ಏನೋ ಸುಟ್ಟ ವಾಸನಿ ಬರಾಕತ್ತೇತಿ," ಅಂದಳು ಹೆಂಡತಿ.

"ಇನ್ನ ಸ್ವಲ್ಪ ದೂರ ಅಷ್ಟ. ಈಗ ನಿಂತರ ನಿನ್ನ ಪಾಳಿ ತಪ್ಪತೈತಿ."

ಹಿಂದಿನ ತಿಂಗಳು ಒಂದು ಪಾಳಿ ತಪ್ಪಿ, ಕಾಲು ಊದಿ, ಮಲಗಿದರೆ ಉಸಿರು ಕಟ್ಟಿದಂತಾಗಿ ಅವಳು ದಿಂಬಿಗೆ ಒರಗಿ ಕೂತೇ ಬೆಳಗು ಮಾಡಿದ್ದಳು. ಅದೇ ಕಣ್ಣ ಮುಂದಿತ್ತು. ನಾನು ಗಾಡಿ ನಿಲ್ಲಿಸಲಿಲ್ಲ. ಆಸ್ಪತ್ರೆಯ ಗೇಟಿನ ಎದುರು ಎಂಜಿನ್ ಒಮ್ಮೆ ಕೊಸರಿ ತಾನೇ ನಿಂತಿತು. ಅವಳಿಗೆ ಪಾಳಿ ಸಿಕ್ಕಿತು.

ಈ ಕಾರನ್ನು ಮೊದಲಿನಿಂದಲೂ ನೋಡಿಕೊಂಡವರು ರಾಣೆಬೆನ್ನೂರಿನ ಒಬ್ಬ ಮೇಸ್ತ್ರಿ. ಮರುದಿನ ಎಳೆಸಿಕೊಂಡು ಅವರ ಗ್ಯಾರೇಜಿಗೇ ಹೋದೆ.

"ಮುಳ್ಳ ಏರಿದ ಕೂಡ್ಲೇ ನಿಲ್ಲಿಸಿದ್ರಿ ಹೌದಲ್ರಿ, ಸರ?"

"ಕೂಡ್ಲೇ ನಿಲ್ಲಿಸೇನಿ. ಆರಿದ ಮ್ಯಾಲೆ ನೀರ ಹಾಕಿ ಆಸ್ಪತ್ರಿ ತನ ಒಯ್ದೇನಿ."

ವಯಸ್ಸಾಯಿತು, ಇವರಿಗೆ ಇನ್ನು ಗಾಡಿ ಓಡಿಸಲು ಆಗದು ಎಂದುಕೊಂಡಾರು ಎಂಬ ಅಳುಕಿಗೆ ಹಾಗೆ ಹೇಳಿದೆ. ಅದನ್ನು ನಂಬಿ ಅವರು ಎಂಜಿನ್ನಿನ ಮೇಲ್ಭಾಗವನ್ನಷ್ಟೇ ಬಿಚ್ಚಿ, ಸುಟ್ಟಿದ್ದ ಗ್ಯಾಸ್ಕೆಟ್ ಬದಲಿಸಿದರು. ಅದಕ್ಕೆ ಒಂದು ವಾರ ಹಿಡಿಯಿತು. ನಾವು ಬಸ್ಸಿನಲ್ಲಿ ಓಡಾಡಿದೆವು.

ಗುರುವಾರ ಕಾರು ತರಲು ಹೋದಾಗ, ಹಲಗೇರಿ ತನಕ ಓಡಿಸಿ ನೋಡೋಣ ಎಂದು ಮೇಸ್ತ್ರಿಯೇ ಸ್ಟೇರಿಂಗ್ ಹಿಡಿದರು. ಹಲಗೇರಿ ಮುಟ್ಟುವ ಮೊದಲೇ ಹಿಂದೆ ಬಿಳಿ ಹೊಗೆ. ಅವರು ಇಳಿದು ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದರು. "ನನ್ನ ಕೈಯಾಗ ಎಲ್ಲಿ ತಪ್ಪ ಆತೋ ತಿಳೀವಲ್ದು," ಎಂದು ತಮ್ಮನ್ನೇ ಬೈದುಕೊಂಡರು. ನಾನು ರಸ್ತೆಯಾಚೆಯ ಹೊಲ ನೋಡುತ್ತ ನಿಂತೆ.

ಮರುದಿನ ಹಾವೇರಿಯಿಂದ ಬರುವಾಗ ಬಸ್ಸಿನಲ್ಲಿ ಹೆಂಡತಿಗೆ ಕಣ್ಣು ಕತ್ತಲೆ ಬಂತು. ನನ್ನ ಹೆಗಲಿಂದ ಜಾರಿ ಬಿದ್ದಳು. ಕಂಡಕ್ಟರ್ ಬಸ್ ನಿಲ್ಲಿಸಿ, ಜನರನ್ನು ಎಬ್ಬಿಸಿ, ಉದ್ದನೆಯ ಸೀಟಿನಲ್ಲಿ ಅವಳನ್ನು ಮಲಗಿಸಿದರು. ಅವಳ ಮುಖದ ಬಣ್ಣ ಮರಳುವ ತನಕ ನಾನು ಅವಳ ಕಾಲು ಎತ್ತಿ ಹಿಡಿದುಕೊಂಡೇ ಇದ್ದೆ. "ಕಾರ ಯಾವಾಗ ಆಗತೈತ್ರಿ?" ಎಂದು ಮೊದಲ ಬಾರಿ ಕೇಳಿದಳು.

ಬ್ಯಾಡಗಿ ಬಸ್ ನಿಲ್ದಾಣದಿಂದಲೇ ಮೇಸ್ತ್ರಿಗೆ ಫೋನ್ ಮಾಡಿದೆ. "ನಾ ನಿಮಗ ಸುಳ್ಳ ಹೇಳೇನಿ. ಅವತ್ತ ಎಲ್ಲೂ ನಿಲ್ಲಿಸಿಲ್ಲ. ಹಾವೇರಿ ತನ ಹಂಗ ಓಡಿಸೇನಿ."

"ಅವತ್ತ ಹೇಳಿದ್ರ ಎಂಜಿನ್ನಿನ ತಳಗಿನ ಬ್ಲಾಕೂ ನೋಡತಿದ್ನಲ್ರಿ, ಸರ. ನಿನ್ನಿಂದ ಊಟ ಸೇರವಲ್ದು ನನಗ," ಎಂದರು.

ನಾನು ಮರುದಿನ ಹೋಗುವಷ್ಟರಲ್ಲಿ ಅವರು ಎಂಜಿನ್ ಇಳಿಸಿ ಪೂರ್ತಿ ಬಿಚ್ಚಿದ್ದರು. ಬ್ಲಾಕಿನಲ್ಲಿ ಎರಡು ಸಿಲಿಂಡರಿನ ನಡುವೆ ಕೂದಲೆಳೆಯಷ್ಟು ಸೀಳು. ನನ್ನ ಬೆರಳು ಹಿಡಿದು ಅದರ ಮೇಲೆ ಆಡಿಸಿದರು, ಉಗುರಿಗೆ ಸಿಕ್ಕಿತು. "ಇದು ಬೆಸುಗಿ ಹಾಕಿದ್ರ ನಿಲ್ಲಂಗಿಲ್ರಿ. ಬ್ಯಾರೆ ಬ್ಲಾಕ ಬೇಕು." ಆಮೇಲೆ ತಮ್ಮದೇ ವ್ಯಾನಿನ ಕೀಲಿ ಕೊಟ್ಟರು. "ಅಲ್ಲೀತನ ಇದನ್ನ ಒಯ್ರಿ. ಆದ್ರ ಏನರ ಆದ್ರ ಖರೇ ಹೇಳ್ರಿ." ನಗಲಿಲ್ಲ.

ಹಾವೇರಿಯ ಗುಜರಿಯಲ್ಲಿ ಹಿಂದಿನಿಂದ ಗುದ್ದಿಸಿಕೊಂಡ ಅದೇ ಮಾದರಿಯ ಕಾರು ಸಿಕ್ಕಿತು. ಅದರ ಬ್ಲಾಕೂ ಸೀಳಿದ್ದರೆ? ಮೇಸ್ತ್ರಿ ಅದನ್ನು ತೊಳೆದು, ನೀರಿನ ಒತ್ತಡ ಕೊಟ್ಟು ಪರೀಕ್ಷಿಸುವಾಗ ನಾನು ಹೊರಗೆ ಹೋಗಿ ನಿಂತೆ. ಒಂದು ಹನಿಯೂ ಸೋರಲಿಲ್ಲ. ಕೂಡಿಸಲು ಹತ್ತು ದಿನ ಬೇಕಾಯಿತು. ಎಂಜಿನ್ ನಂಬರು ಬ್ಲಾಕಿನ ಮೇಲೆಯೇ ಇರುವುದರಿಂದ ಆರ್‌ಟಿಓ ಕಚೇರಿಗೂ ಅಲೆದು ಹೊಸ ನಂಬರು ದಾಖಲು ಮಾಡಿಸಿಕೊಂಡೆ.

ಕಾರು ಕೈಗೆ ಬಂದ ಮೇಲೆ ಮೊದಲ ಪಾಳಿಗೆ ಅರ್ಧ ತಾಸು ಮುಂಚೆಯೇ ಆಸ್ಪತ್ರೆ ಮುಟ್ಟಿದೆವು. ಅವಳು ಸೀಟು ಹಿಂದಕ್ಕೆ ಮಾಡಿ ಕಣ್ಣು ಮುಚ್ಚಿದಳು. ನಾನು ಎಂಜಿನ್ ಆರಿಸಿದೆ. ಮತ್ತೆ ಚಾಲೂ ಆಗುತ್ತದೋ ಇಲ್ಲವೋ ಎಂದು ಕೀಲಿ ತಿರುಗಿಸಿ ನೋಡಿದೆ. ಆಯಿತು. ಆರಿಸಿ ಇನ್ನೊಮ್ಮೆ ತಿರುಗಿಸಿದೆ.

"ಸಾಕ ಬಿಡ್ರಿ," ಅಂದಳು ಅವಳು, ಕಣ್ಣು ತೆರೆಯದೆ.