ಹರಳೆಣ್ಣೆ ಹಚ್ಚಿದ ಬ್ರೇಕು

ನನಗೆ ಹೆದರಿಕೆಯಾದರೆ ಬೇರೆಯವರ ಧ್ವನಿ ಬರುತ್ತದೆ. ಹುಟ್ಟಿನಿಂದ ಹೀಗೋ, ಆಮೇಲೆ ಅಂಟಿಕೊಂಡ ಚಾಳಿಯೋ ಗೊತ್ತಿಲ್ಲ. ಶಾಲೆಯಲ್ಲಿ ಮೇಷ್ಟ್ರು ಕೋಲು ಎತ್ತಿದರೆ ನನ್ನ ಬಾಯಿಂದ ಮೇಷ್ಟ್ರ ಗಂಟಲೇ ಹೊರಡುತ್ತಿತ್ತು, ಅದಕ್ಕೆ ಇನ್ನೆರಡು ಏಟು ಮೇಲೆ ಬೀಳುತ್ತಿತ್ತು. ಬಿಂಡಿಗನವಿಲೆ ಬಸ್ಸಿನ ಕಂಡಕ್ಟರು, ನಮ್ಮೂರ ಡೇರಿಯಲ್ಲಿ ಹಾಲಿಗೆ ಡಿಗ್ರಿ ಹಾಕಿ ನೋಡುವವರು, ಮೂಗಿನಲ್ಲೇ ಮಂತ್ರ ಹೇಳುವ ಪೂಜಾರಪ್ಪ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆ ಕೊಡದೆ ಸಂಸಾರ ಹೂಡಿದ್ದಾರೆ. ಕನ್ನಡಿ ಮುಂದೆ ನಿಂತರೆ ನಾನು ನನ್ನನ್ನೂ ಬಿಡುವವನಲ್ಲ. ಉದ್ದ ಕತ್ತು, ಒಣಕಲು ಕಾಲು, ಅದರ ಮೇಲೊಂದು ಹೆಲ್ಮೆಟ್ಟು ಇಟ್ಟರೆ ಮಡಕೆ ಬೋರಲು ಹಾಕಿದ ಹೊಲದ ಬೆರ್ಚಪ್ಪ. ನಮ್ಮ ಬಾವ ನನ್ನನ್ನು ಕರೆಯುವುದೂ ಹಾಗೇ.

ಆ ಧ್ವನಿಗಳೆಲ್ಲ ಒಂದು ದಿನ ಒಟ್ಟಿಗೇ ನನ್ನ ಕೈಬಿಟ್ಟವು. ಕರಿಘಟ್ಟದ ಇಳಿಜಾರಿನಲ್ಲಿ.

ನನ್ನದು ಬೆಟ್ಟ ಇಳಿಯುವ ಸೈಕಲ್ಲು. ಮೈಸೂರಿನ ಸೈಕಲ್ ಹುಚ್ಚರೊಬ್ಬರು ಓಡಿಸಿ ನನಗೆ ಮಾರಿದ್ದು, ತೊಣ್ಣೂರಿನ ಪಕ್ಕದ ನಮ್ಮೂರಿಗೆ ಬಂದಾಗ ಜನ ಹೊಸ ಎತ್ತು ನೋಡುವಂತೆ ಸುತ್ತ ನಿಂತು ನೋಡಿದರು. ಒಬ್ಬರು ಟೈರು ಅಮುಕಿದರು, ಒಬ್ಬರು ಸೀಟು ಕುಟ್ಟಿದರು, ಹಲ್ಲು ಮಾತ್ರ ಯಾರೂ ಎಣಿಸಲಿಲ್ಲ. ಅದರ ಒಂದೊಂದು ಭಾಗವೂ ಹೆಸರುವಾಸಿ. ಕಲ್ಲು ಗುಂಡಿಯ ಪೆಟ್ಟೆಲ್ಲ ತಾನೇ ನುಂಗುವ ಮುಂದಿನ ಫೋರ್ಕು, ಬಂಡೆಯಿಂದ ಹಾರಿದರೂ ಸೊಟ್ಟಗಾಗದ ಚಕ್ರ, ಹೆಬ್ಬೆರಳಲ್ಲಿ ಎತ್ತಬಹುದಾದ ಕಾರ್ಬನ್ ನಾರಿನ ಹ್ಯಾಂಡಲ್ಲು.

ಆ ಹ್ಯಾಂಡಲ್ಲಿನ ಮೇಲೆಯೇ ನನಗೆ ಭಯ. ಕಬ್ಬಿಣ ಸೋತರೆ ಬಗ್ಗುತ್ತದೆ, ಅಲ್ಯೂಮಿನಿಯಂ ಸೋತರೆ ಸೊಟ್ಟಗಾಗುತ್ತದೆ, ಅಂದರೆ ಅವು ‘ನನ್ನ ಕೈಲಾಗಲ್ಲಪ್ಪ’ ಎಂದು ಮೊದಲೇ ಬಾಯಿಬಿಟ್ಟು ಹೇಳುತ್ತವೆ. ಕಾರ್ಬನ್ನು ಹೇಳುವುದಿಲ್ಲ. ಒಳಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೂ ಹೊರಗೆ ಮದುಮಗನ ಹಾಗೆ ಹೊಳೆಯುತ್ತಿರುತ್ತದೆ, ಆಮೇಲೊಂದು ದಿನ ಕಟಕ್. ಮೊಬೈಲಿನಲ್ಲಿ ಹೀಗೆ ಮುರಿದುಕೊಂಡವರ ವಿಡಿಯೋಗಳನ್ನು ನೋಡಿ ನೋಡಿ ನನಗೆ ಊಟ ಸೇರುತ್ತಿರಲಿಲ್ಲ. ಹೊರಡುವ ಮುಂಚೆ ಒಂದು ನಾಣ್ಯ ತಗೊಂಡು ಹ್ಯಾಂಡಲ್ಲನ್ನು ಉದ್ದಕ್ಕೂ ಟಕಟಕ ಬಡಿದು, ತೆಂಗಿನಕಾಯಿ ನೋಡುವವರಂತೆ ಕಿವಿಗೊಟ್ಟು ಕೇಳುತ್ತಿದ್ದೆ. ಸದ್ದು ಮಂಕಾದರೆ ಒಳಗೆ ಹೋಗಿದೆ ಎಂದು ಲೆಕ್ಕ. ನನ್ನ ಹೆದರಿಕೆಯನ್ನೆಲ್ಲ ಆ ಒಂದು ಕೊಳವೆಗೇ ಸುರಿದುಬಿಟ್ಟಿದ್ದೆ. ಬ್ರೇಕಿಗೆ ಅಂತ ಒಂದು ತೊಟ್ಟೂ ಉಳಿಸಿರಲಿಲ್ಲ.

ಬ್ರೇಕಿನ ಕತೆ ಇಷ್ಟೆ. ಚಕ್ರದ ನಡುವೆ ಒಂದು ತೆಳ್ಳನೆಯ ಉಕ್ಕಿನ ತಟ್ಟೆ ಇರುತ್ತದೆ, ಅದನ್ನು ಡಿಸ್ಕು ಅನ್ನುತ್ತಾರೆ. ಹಿಡಿಕೆ ಒತ್ತಿದರೆ ಎರಡು ಪುಟ್ಟ ಬಿಲ್ಲೆಗಳು ಎರಡೂ ಕಡೆಯಿಂದ ಅದನ್ನು ಕಚ್ಚಿ ಹಿಡಿಯುತ್ತವೆ. ಎಂಥ ಇಳಿಜಾರಿನಲ್ಲೂ ಒಂದು ಬೆರಳು ಸಾಕು. ಮಳೆ, ಕೆಸರು, ಬಿಸಿ, ಯಾವುದಕ್ಕೂ ಜಗ್ಗದು. ಜಗ್ಗುವುದು ಒಂದಕ್ಕೇ, ಎಣ್ಣೆ ಜಿಡ್ಡಿಗೆ.

ಆಯುಧಪೂಜೆಯ ಬೆಳಿಗ್ಗೆ ನಮ್ಮನೆ ಅಂಗಳದಲ್ಲಿ ನೇಗಿಲು, ಕುಡುಗೋಲು, ಮಚ್ಚು, ಮೇವು ಕತ್ತರಿಸುವ ಮಿಷನ್ನು, ಟಿಲ್ಲರು ಎಲ್ಲ ತೊಳೆಸಿಕೊಂಡು ಸಾಲಾಗಿ ಕೂತಿದ್ದವು. ಸಾಲಿನ ಕೊನೆಗೆ ನನ್ನ ಸೈಕಲ್ಲು. ಅಜ್ಜಿ ಹರಳೆಣ್ಣೆ ಬಟ್ಟಲು, ಬಟ್ಟೆ ಚೂರು ಹಿಡಿದು ಒಂದೊಂದನ್ನೇ ಉಜ್ಜಿಕೊಂಡು ಬರುತ್ತಿದ್ದರು. ಕಬ್ಬಿಣ ಎಂದಮೇಲೆ ಎಣ್ಣೆ ಕಾಣಿಸಿ, ಆಮೇಲೆ ಕುಂಕುಮ ಇಡುವುದು ಅವರ ಕ್ರಮ. ಅವರ ಮದುವೆಯಲ್ಲಿ ಬಂದ ಈಳಿಗೆ ಮಣೆ ಇನ್ನೂ ಕನ್ನಡಿಯಂತಿದೆ, ಯಾಕೆಂದರೆ ಅದು ಒಂದು ವರ್ಷವೂ ಎಣ್ಣೆ ತಪ್ಪಿಸಿಕೊಂಡಿಲ್ಲ.

ನಾನು ಜಗಲಿ ಮೇಲೆ ನಿಂತು ಪೂಜಾರಪ್ಪನ ಮೂಗಿನ ಮಂತ್ರ ಹೇಳಿ, ಕೆ.ಆರ್. ಪೇಟೆ ಕಡೆಯ ಮಾಕವಳ್ಳಿಯಿಂದ ಹಬ್ಬಕ್ಕೆ ಬಂದಿದ್ದ ಬಾವನನ್ನು ನಗಿಸುತ್ತಿದ್ದೆ. ಬಾವ ಅಂದರೆ ನಮ್ಮ ಸೋದರಮಾವನ ಮಗ. ಒಂದು ಚಿಕ್ಕ ಗೂಡ್ಸ್ ಗಾಡಿಯಲ್ಲಿ ತರಕಾರಿ ಸಾಗಿಸುತ್ತಾನೆ. ನಮ್ಮಲ್ಲಿ ಬಾವ-ಬಾಮೈದ ಒಬ್ಬರನ್ನೊಬ್ಬರು ಆಡಿಕೊಳ್ಳದಿದ್ದರೆ ಮನೆಯವರಿಗೇ ಅನುಮಾನ ಬರುತ್ತದೆ.

“ಲೇ ಬೆರ್ಚಪ್ಪ, ಈ ಸೈಕಲ್ ಎಷ್ಟ್ ವರ್ಸ ಬಾಳಿಕೆ ಬತ್ತದ್ಲಾ?”

“ನನ್ ಮೊಮ್ಮಕ್ಕಳು ಓಡಿಸ್ತಾರೆ ಕಣ್ ಬಾವ.”

“ಅದುಕ್ಕೆ ಮದ್ಲು ಯಾವ್ದಾರ ಎಣ್ಣು ನಿನ್ ಮಕ ನೋಡ್ಬೇಕಲ್ಲಾ.”

ಅಜ್ಜಿ ಬಗ್ಗಿದಲ್ಲೇ ನಕ್ಕು, “ಇದ್ಯಾಕ್ಲಾ ಮಗ ಇಷ್ಟು ಸಣಕಲು? ಓತಿಕ್ಯಾತ ಇದ್ದಂಗದೆ” ಎಂದು ನನ್ನ ಸೈಕಲ್ಲಿನ ಮೈ ಸವರಿದರು. ನಾನು ಇಳಿದು ಬಂದಾಗ ಹ್ಯಾಂಡಲ್ಲಿಗೆ ಸೇವಂತಿಗೆ, ಚಕ್ರದ ಕೆಳಗೆ ನಿಂಬೆಹಣ್ಣು, ಎರಡೂ ಡಿಸ್ಕು ಹೊಸ ಬೆಳ್ಳಿ ತಟ್ಟೆಯಂತೆ ಫಳಫಳ. ಎಷ್ಟು ಚೆನ್ನಾಗಿ ತೊಳೆದಿದ್ದಾರೆ ಎಂದುಕೊಂಡೆ. ನಾಣ್ಯ ತೆಗೆದು ಹ್ಯಾಂಡಲ್ಲು ಬಡಿದೆ. ಸದ್ದು ಚೆನ್ನಾಗಿತ್ತು.

ಮಾರನೆಯ ದಿನ ಬಾವನ ಗಾಡಿಗೆ ಸೈಕಲ್ಲು ಹೇರಿಕೊಂಡು ಪಾಂಡವಪುರ ದಾಟಿ, ಶ್ರೀರಂಗಪಟ್ಟಣದ ಪಕ್ಕದ ಕರಿಘಟ್ಟಕ್ಕೆ ಹೋದೆವು. ಗಾಡಿ ದೇವಸ್ಥಾನದವರೆಗೂ ಹತ್ತುತ್ತದೆ. ನಾನು ಮೇಲಿಂದ ಸೈಕಲ್ಲಿನಲ್ಲಿ ಇಳಿಯುವುದು, ಬಾವ ಹಿಂದೆಯೇ ಗಾಡಿಯಲ್ಲಿ ಬರುವುದು ಎಂದು ಮಾತಾಯಿತು. ಕೈಮುಗಿದು ಹೊರಗೆ ಬಂದೆವು. ಕೆಳಗೆ ಲೋಕಪಾವನಿ ಹೊಳೆ ನೂಲಿನಂತೆ ಕಾಣುತ್ತಿತ್ತು. ನಾನು ಹೆಲ್ಮೆಟ್ಟು ಹಾಕಿ ಕಂಡಕ್ಟರನ ಗಂಟಲಲ್ಲಿ “ರೈಟ್ ರೈಟ್, ಒಳಿಕ್ಕೆ ನಡೀರಿ, ಬಾಗ್ಲಲ್ ನಿಂತ್ಕಬ್ಯಾಡಿ!” ಎಂದೆ. ಬಾವ ಹಾರನ್ನು ಹೊಡೆದ. ಹೊರಟೆ.

ಮೊದಲ ತಿರುವಿನವರೆಗೆ ಗಾಳಿ ಹಿತವಾಗಿತ್ತು. ತಿರುವಿಗೆ ಮುಂಚೆ ಒಂದು ಬೆರಳಲ್ಲಿ ಹಿಡಿಕೆ ಒತ್ತಿದೆ. ಹಿಡಿಕೆ ಗಟ್ಟಿಯಾಗಿಯೇ ಇತ್ತು, ಕೈಗೆ ಎಲ್ಲ ಸರಿಯಾಗಿಯೇ ಇತ್ತು, ಆದರೆ ಸುದ್ದಿ ಚಕ್ರಕ್ಕೆ ಮುಟ್ಟಲಿಲ್ಲ. ತಾಯಿಯಿಂದ ಬಿಡಿಸಿದ ಕರುವಿನಂತೆ ಡಿಸ್ಕು ಒಮ್ಮೆ ಅರಚಿತು, ಅಷ್ಟೆ. ಎರಡು ಬೆರಳು ಹಾಕಿದೆ. ನಾಲ್ಕೂ ಹಾಕಿದೆ. ಕರು ಇನ್ನೂ ಜೋರಾಗಿ ಅರಚಿತು. ಸೈಕಲ್ಲು ಮಾತ್ರ ತನ್ನ ಪಾಡಿಗೆ ವೇಗ ಏರಿಸಿಕೊಂಡು ಹೋಗುತ್ತಿತ್ತು.

ತಿರುವು ಹೇಗೆ ದಾಟಿದೆನೋ ಕಾಣೆ, ಒಂದು ಕಡೆಯ ಮೋಟು ಗೋಡೆ ಮೊಣಕಾಲಿಗೆ ಉಜ್ಜಿಕೊಂಡು ಹೋದ ನೆನಪು. ಆ ಗೋಡೆಯಾಚೆ ಏನೂ ಇಲ್ಲ. ಗಾಳಿ, ಅದರ ಕೆಳಗೆ ಬಂಡೆ.

“ಬಾವ! ಬ್ರೇಕ್ ಇಡೀತಿಲ್ಲ! ಬಾವಾ!”

ಹಿಂದಿನಿಂದ ನಗು ಕೇಳಿಸಿತು. “ಆಹಾ! ಸಖತ್ತಾಗ್ ಮಾಡ್ತೀಯ ಕಣ್ಲಾ! ಇನ್ನೊಂದ್ ಕಿತ!”

“ದಿಟ ಕಣೋ! ಬ್ರೇಕ್ ಇಲ್ಲ ಕಣೋ!”

ಪೋಂ ಪೋಂ ಪೋಂ ಎಂದು ಬಾವ ನನ್ನ ಕೂಗಿಗೆ ಹಾರನ್ನಿನಲ್ಲಿ ತಾಳ ಹಾಕಿದ. ಹೋದ ವರ್ಷ ತೊಣ್ಣೂರು ಕೆರೆಯಲ್ಲಿ ನಾನು ಮುಳುಗುವವನ ಹಾಗೆ ಕೂಗಿ, ಬಟ್ಟೆ ಸಮೇತ ಅವನನ್ನು ನೀರಿಗೆ ಇಳಿಸಿದ್ದೆ. ಇವತ್ತು ಅವನು ಇಳಿಯುವವನಲ್ಲ. ಕತ್ತು ಅರ್ಧ ತಿರುಗಿಸಿ ನೋಡಿದೆ. ಗಾಡಿಯ ಮೂತಿ, ಅದಕ್ಕೆ ಕಟ್ಟಿದ ಬಾಳೆಕಂದು, ಗಾಜಿನ ಹಿಂದೆ ಅವನ ಹಲ್ಲು, ಎಲ್ಲ ನನ್ನ ಬೆನ್ನಿಗೇ ಅಂಟಿಕೊಂಡಂತೆ ಬರುತ್ತಿದ್ದವು. ಆಗ ಎರಡನೆಯ ಭಯ ಹುಟ್ಟಿತು. ಬೀಳದಿದ್ದರೆ ಕೆಳಗೆ ಸಾಯುತ್ತೇನೆ. ಬಿದ್ದರೆ ಇಲ್ಲೇ, ನಗುನಗುತ್ತಾ ಬರುತ್ತಿರುವ ಬಾವನ ಚಕ್ರದ ಕೆಳಗೆ. ಅವನು ನಂಬಿ ಗಾಡಿ ನಿಲ್ಲಿಸುವವರೆಗೆ ನನಗೆ ಬೀಳುವುದಕ್ಕೂ ಜಾಗವಿಲ್ಲ.

ಬಾಯಿಗೆ ಬಂದವರನ್ನೆಲ್ಲ ಕರೆದೆ. ಮೇಷ್ಟ್ರ ಗದರಿಕೆ ಬಂತು. ಬಾವನ ಅಪ್ಪನ, ಅಂದರೆ ನಮ್ಮ ಮಾವನ ಗಂಟಲಲ್ಲಿ “ಲೇ, ನಿಲ್ಸ್ಲಾ ಗಾಡಿಯಾ!” ಎಂದು ಅಬ್ಬರಿಸಿದೆ. ಅವನು ಇನ್ನಷ್ಟು ನಕ್ಕ. ಎಷ್ಟು ಚೆನ್ನಾಗಿ ಕೂಗಿದರೆ ಅಷ್ಟು ಸುಳ್ಳಾಗುತ್ತಿತ್ತು. ಎರಡನೆಯ ತಿರುವಿನಲ್ಲಿ ಕಾಲು ಇಳಿಬಿಟ್ಟು ಶೂ ನೆಲಕ್ಕೆ ಒತ್ತಿದೆ. ರಬ್ಬರಿನ ಕಮಟು ವಾಸನೆ ಮೂಗಿಗೆ ಬಂತು. ವೇಗ ತಗ್ಗಲಿಲ್ಲ. ಅಷ್ಟು ದಿನ ನಾನು ಅನುಮಾನಪಟ್ಟ ಹ್ಯಾಂಡಲ್ಲು ಮಾತ್ರ ಕಂಬದಂತೆ ಗಟ್ಟಿಯಾಗಿ ನಿಂತು, ನಾನು ತಿರುಗಿಸಿದ ಕಡೆ ತಿರುಗುತ್ತಿತ್ತು. ಎಲ್ಲಿಗೆ ತಿರುಗಿಸುವುದು ಎಂದು ಮಾತ್ರ ಅದು ಹೇಳಲಿಲ್ಲ.

ಮುಂದಿನ ನೇರ ಇಳಿಜಾರಿನಲ್ಲಿ ಹೆಂಗಸರು ಬರುತ್ತಿದ್ದರು. ಐದಾರು ಜನ, ತಲೆಯಲ್ಲಿ ಹೂವು, ಕೈಯಲ್ಲಿ ಹಣ್ಣುಕಾಯಿ ಬುಟ್ಟಿ, ರಸ್ತೆ ತುಂಬ ಹರಡಿಕೊಂಡು ಮಾತಾಡುತ್ತ. ನನ್ನ ಗಂಟಲು ಖಾಲಿಯಾಯಿತು. ಕಂಡಕ್ಟರೂ ಇಲ್ಲ, ಮೇಷ್ಟ್ರೂ ಇಲ್ಲ, ಮಾವನೂ ಇಲ್ಲ. ಆಗ ಬಂದದ್ದು ಮಾತಲ್ಲ, ಒಂದು ಕೀರಲು. ತೆಳ್ಳಗೆ, ಹರಿದದ್ದು, ನಾಚಿಕೆ ಇಲ್ಲದ್ದು. ಅದು ಯಾರ ಧ್ವನಿ ಎಂದು ನನಗೇ ಗುರುತು ಸಿಗಲಿಲ್ಲ.

ಅವರಿಗೆ ನಾನು ಯಾರೋ ಗೊತ್ತಿಲ್ಲ. ಆಡಿಕೊಳ್ಳುವವನೋ ಅಣಕಿಸುವವನೋ ತಿಳಿಯದು. ಕೇಳಿದ ಕೂಡಲೇ ನಂಬಿದರು. ಬುಟ್ಟಿಗಳು ಚೆಲ್ಲಾಪಿಲ್ಲಿಯಾಗಿ ಎಲ್ಲರೂ ಗೋಡೆಗೆ ಒತ್ತರಿಸಿಕೊಂಡರು, ತೆಂಗಿನಕಾಯಿಯೊಂದು ನನ್ನ ಜೊತೆಜೊತೆಗೇ ಉರುಳತೊಡಗಿತು. ಅವರಲ್ಲಿ ವಯಸ್ಸಾದ ಒಬ್ಬಾಕೆ, “ಅಯ್ಯೋ ಮಗಾ! ಓಯ್ತಲ್ಲಪ್ಪೋ ಮಗ!” ಎಂದು ಬಾಯಿ ಬಡಿದುಕೊಂಡರು.

ಆ ಕೂಗನ್ನು ಬಾವ ಕೇಳಿಸಿಕೊಂಡ. ಹಾರನ್ನು ನಿಂತಿತು. ಗಾಡಿಯ ಟೈರು ರಸ್ತೆಗೆ ಕಚ್ಚಿಕೊಂಡು ಕಿರ್ರೆಂದಿತು. ನನ್ನ ಜೀವಮಾನದಲ್ಲಿ ಅಷ್ಟು ಇಂಪಾದ ಸದ್ದು ಕೇಳಿಲ್ಲ. ಹಿಂದೆ ಜಾಗವಾಯಿತು. ಕಣ್ಣು ಮುಚ್ಚಿ, ಹ್ಯಾಂಡಲ್ಲನ್ನು ಗುಡ್ಡದ ಕಡೆ ಎಳೆದು, ಲಾಂಟಾನ ಪೊದೆಗೆ ಸೈಕಲ್ಲನ್ನೂ ನನ್ನನ್ನೂ ಒಟ್ಟಿಗೇ ಒಪ್ಪಿಸಿದೆ.

ಬಾವ ಓಡಿ ಬಂದಾಗ ಅವನ ಮುಖ ಸುಣ್ಣ ಬಳಿದಂತಿತ್ತು.

“ಉಸಿರಾಡ್ತಿದ್ದೀಯೇನ್ಲಾ? ಮಾತಾಡ್ಲಾ! ಯಾರ್ ತರನಾರ ಮಾತಾಡ್ಲಾ!”

ಬಾಯಿಗೆ ಸಿಕ್ಕಿದ್ದ ಲಾಂಟಾನ ಎಲೆ ಉಗಿದೆ. ಮೊಣಕೈ, ಮೊಣಕಾಲು ತರಚಿ ರಕ್ತ, ಎಡಗೈ ಮಣಿಕಟ್ಟು ಬದನೆಕಾಯಿಯಂತೆ ಊದುತ್ತಿತ್ತು. ಬಾವ ಸೈಕಲ್ಲನ್ನು ಪೊದೆಯಿಂದ ಎಳೆದು ನಿಲ್ಲಿಸಿದ. ಫೋರ್ಕು ನೆಟ್ಟಗಿತ್ತು. ಚಕ್ರ ತಿರುಗಿಸಿದರೆ ಬುಗುರಿಯಂತೆ ತಿರುಗಿತು. ಹ್ಯಾಂಡಲ್ಲಿನ ಮೇಲೆ ಒಂದು ಗೀರೂ ಇಲ್ಲ, ಅಜ್ಜಿ ಇಟ್ಟ ಕುಂಕುಮವೂ ಅಳಿಸಿರಲಿಲ್ಲ. ಸೈಕಲ್ಲಿನಲ್ಲಿ ಕಡಿಮೆ ಬಾಳಿಕೆಯ ಬಿಡಿಭಾಗ ಎಂದರೆ ನಾನೊಬ್ಬನೇ. ಬಾವ ಡಿಸ್ಕಿಗೆ ಬೆರಳು ತಾಗಿಸಿ, ಸುಟ್ಟುಕೊಂಡು, ಬೆರಳನ್ನು ಮೂಗಿನ ಹತ್ತಿರ ಹಿಡಿದ.

“ಲೇ... ಇದು ಅಳ್ಳೆಣ್ಣೆ ಕಣ್ಲಾ.”

ಇಬ್ಬರಿಗೂ ಅಂಗಳ, ಬಟ್ಟಲು, ಬಟ್ಟೆ ಚೂರು ಒಟ್ಟಿಗೇ ಕಣ್ಣಿಗೆ ಬಂದವು.

ಮನೆಯಲ್ಲಿ ಅಜ್ಜಿ ನನ್ನ ಕೈಯ ಬ್ಯಾಂಡೇಜು ನೋಡಿ, ದೃಷ್ಟಿ ತೆಗೆದು, ನಿಟ್ಟುಸಿರು ಬಿಟ್ಟರು. “ನೆನ್ನೆ ಎಣ್ಣೆ ಕಾಣ್ಸಿ ಪೂಜೆ ಮಾಡಿದ್ಕೆ ಇಷ್ಟ್ರಲ್ಲೇ ಓಯ್ತು ಕಣ್ ಮಗ.”

ಬಾವ ಬಾಯಿ ತೆರೆದ. ನಾನು ಅವನ ಕಾಲು ತುಳಿದೆ. “ಊಂ ಕಣಜ್ಜಿ” ಎಂದೆ. ಆ ಮಾತನ್ನು ಹೇಳುವಾಗಲೂ ನನಗೆ ಭಯವೇ ಆಗುತ್ತಿತ್ತು, ಎಲ್ಲಿ ಅವರಿಗೆ ಗೊತ್ತಾಗಿಬಿಡುತ್ತದೋ ಎಂದು.

ಕೈ ವಾಸಿಯಾಯಿತು. ಬ್ರೇಕಿನ ಬಿಲ್ಲೆ ಎಣ್ಣೆ ಕುಡಿದಮೇಲೆ ಉಪಯೋಗಕ್ಕಿಲ್ಲ, ಹೊಸದು ಹಾಕಿಸಿದೆ. ಡಿಸ್ಕನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಒರೆಸಿ ಇಟ್ಟೆ. ಹ್ಯಾಂಡಲ್ಲನ್ನು ನಾಣ್ಯದಿಂದ ಬಡಿದರೆ ಹಳೆಯ ಸದ್ದೇ ಬಂತು, ಆದರೆ ನಂಬುವುದು ಹೇಗೆ? ಬಿದ್ದ ಕಾರ್ಬನ್ನು ಹೊರಗೆ ನಗುತ್ತಲೇ ಇರುತ್ತದೆ. ನನ್ನಲ್ಲೂ ಊರಿನವರು ಆ ಹೊರಗಿನ ನಗುವನ್ನಷ್ಟೇ ನೋಡುತ್ತಿದ್ದರು. ಕಂಡಕ್ಟರು, ಮೇಷ್ಟ್ರು, ಪೂಜಾರಪ್ಪ ಎಲ್ಲ ಗಂಟಲಿಗೆ ವಾಪಸು ಬಂದಿದ್ದರು, ಕೇಳಿದವರಿಗೆಲ್ಲ ಮಾಡಿ ತೋರಿಸುತ್ತಿದ್ದೆ. ಆದರೆ ಮನೆ ಮುಂದಿನ ಇಳುಕಲಿನಲ್ಲಿ ಹಿಡಿಕೆ ಒತ್ತುವಾಗ, ಚಕ್ರ ನಿಲ್ಲುವ ಮುಂಚಿನ ಆ ಒಂದು ಕ್ಷಣದಲ್ಲಿ, ಬೆನ್ನ ಮೇಲೆ ತಣ್ಣನೆ ಬೆವರು ಇಳಿಯುತ್ತಿತ್ತು. ಹ್ಯಾಂಡಲ್ಲನ್ನು ಕಳಚಿ, ಅಲ್ಯೂಮಿನಿಯಮ್ಮಿನದು ಹಾಕಿಸಿದೆ. ಸೋತರೆ ಸೋತೆ ಎಂದು ಹೇಳುವ ಜಾತಿ ಅದು.

ಆಮೇಲೊಂದು ಬೆಳಿಗ್ಗೆ ಬಾವ ಮತ್ತೆ ಗಾಡಿ ತಂದ. “ಬೆಟ್ಟಕ್ಕೆ ಎದುರ್ಕಂಡು ಕುಂತ್ರೆ ಆಯ್ತದೇನ್ಲಾ, ನಡಿ” ಎಂದ. ಕರಿಘಟ್ಟ ಹತ್ತಿದೆವು. ಹೆಲ್ಮೆಟ್ಟು ಹಾಕಿದೆ, ಸೀಟಿನ ಮೇಲೆ ಕೂತೆ, ಎರಡೂ ಹಿಡಿಕೆ ಒತ್ತಿ ನೋಡಿದೆ. ಬ್ರೇಕು ಕಚ್ಚಿ ಹಿಡಿದಿತ್ತು. ಲೋಕಪಾವನಿ ಕೆಳಗೆ ಅಲ್ಲೇ ಇತ್ತು. ನನ್ನ ಕಾಲು ಮಾತ್ರ ನೆಲ ಬಿಡಲಿಲ್ಲ.

“ಬಾವ, ಭಯ ಆಯ್ತಾದೆ ಕಣೋ.”

ಅವನು ಗಾಡಿಯೊಳಗಿಂದ ಕತ್ತು ಹೊರಗೆ ಹಾಕಿದ. ನಗಲಿಲ್ಲ.

“ಇದ್ಯಾರ್ದ್ಲಾ ವಾಯ್ಸು?”

“ನಂದೇ ಕಣ್ ಬಾವ.”

ಅವನು ಇಂಜಿನ್ ಆರಿಸಿದ. ಗಾಡಿಯ ಚಕ್ರಕ್ಕೆ ಕಲ್ಲು ಕೊಟ್ಟು, ಕೀ ಜೇಬಿಗೆ ಹಾಕಿಕೊಂಡು ಬಂದು ಸೈಕಲ್ಲಿನ ಆ ಪಕ್ಕ ನಿಂತ. ಒಂದು ಕಡೆ ಅವನು, ಒಂದು ಕಡೆ ನಾನು ಹ್ಯಾಂಡಲ್ಲು ಹಿಡಿದು, ಮೊದಲ ತಿರುವಿನವರೆಗೆ ನಡೆದುಕೊಂಡೇ ಇಳಿದೆವು.