ಮೂರು ಕೋಣೆಯ ಅಟಕಾಮಾ

ಕುವೈತಿನಲ್ಲಿ ಹತ್ತೊಂಬತ್ತು ವರ್ಷ ಕಳೆದ ಯಶೋಧರನಿಗೆ ‘ಸುಮಾರು’ ಎಂಬ ಮಾತು ಕಿವಿಗೆ ಬಿದ್ದರೆ ಮೈ ಉರಿಯುತ್ತಿತ್ತು. ಹಣ್ಣು ಆಮದು ಮಾಡುವ ಕಂಪನಿಯೊಂದರಲ್ಲಿ ಅವನು ಗುಮಾಸ್ತ. ಗೋದಾಮಿನವರು ಸುಮಾರು ನಾನೂರು ಪೆಟ್ಟಿಗೆ ಎಂದರೆ, ಅವರು ಮತ್ತೆ ಎಣಿಸಿ ಬರುವ ತನಕ ಪೆನ್ನಿನ ಕ್ಯಾಪು ತೆಗೆಯುತ್ತಿರಲಿಲ್ಲ. ಕಿನ್ನಿಗೋಳಿಯಿಂದ ಹೆಂಡತಿ ಮೋಹಿನಿ ಫೋನು ಮಾಡಿ, ಮನೆಗೆ ಒಂದು ಹತ್ತು ಜನ ಬಂದಿದ್ದರು ಎಂದರೂ ಹೆಸರು ಹಿಡಿದು ಕೇಳುವ ಗಂಡಸು.

ಇಷ್ಟು ನಿಖರವಾದ ಮನುಷ್ಯ ಒಂದು ಕಾಗದದಲ್ಲಿ ಮಾತ್ರ ತಿಂಗಳು ತಿಂಗಳೂ ಸುಳ್ಳು ಬರೆಯುತ್ತಿದ್ದ. ಕುವೈತಿನ ಮಹಬೂಲಾ ಬಡಾವಣೆಯಲ್ಲಿ ಕಂಪನಿಯ ಮೂರು ಕೋಣೆಯ ಫ್ಲ್ಯಾಟು ಅವನ ಉಸ್ತುವಾರಿಯಲ್ಲಿತ್ತು. ಕಂಪನಿ ಕೊಟ್ಟ ಅನುಮತಿ ಐದು ಜನರಿಗೆ. ‘ನಿವಾಸಿಗಳು: ಐದು’ ಎಂದು ಬರೆದು ಸಹಿ ಹಾಕುವುದು ಅವನ ಕೆಲಸ. ಆದರೆ ಕೆಲಸ ಹುಡುಕಲು ವಾರದ ಮಟ್ಟಿಗೆ ಬಂದ ಮೋಹಿನಿಯ ತಮ್ಮ ರೋಶನ್ ವರ್ಷವಾದರೂ ಅಲ್ಲೇ ಇದ್ದ. ಅವನ ಹಿಂದೆ ಊರಿನ ಇನ್ನೂ ಐವರು ಬಂದರು. ಹೀಗೆ ಹನ್ನೊಂದು. ಹತ್ತು ಮಂದಿ ಎರಡು ಕೋಣೆಯಲ್ಲಿ. ಸಮುದ್ರ ಕಾಣುವ ಮೂರನೆಯದರಲ್ಲಿ ಯಶೋಧರ ಒಬ್ಬನೇ. ಉಸ್ತುವಾರಿ ಎಂದರೆ ಸುಮ್ಮನೆಯೇ?

ಆ ವರ್ಷ ಕಂಪನಿಯ ಮುದೀರ್, ಅಂದರೆ ಮ್ಯಾನೇಜರ್, ಚಿಲಿ ದೇಶದ ದ್ರಾಕ್ಷಿ ತರಿಸುವ ಮನಸ್ಸು ಮಾಡಿದ. ತೋಟ ನೋಡಲು ಅಟಕಾಮಾ ಪ್ರಾಂತ್ಯಕ್ಕೆ ಒಬ್ಬನನ್ನು ಜೊತೆಗೆ ಕರೆದೊಯ್ಯುವವನಿದ್ದ. ಆ ಟಿಕೆಟು ತನ್ನದಾಗಬೇಕೆಂದು ಯಶೋಧರ ಪಣ ತೊಟ್ಟ. ಮಂಗಳೂರು, ಕುವೈತು ಬಿಟ್ಟರೆ ಮೂರನೆಯ ವಿಮಾನ ನಿಲ್ದಾಣ ಕಂಡವನಲ್ಲ. ಮೂರು ವಾರ ಊಟಕ್ಕೂ ಏಳದೆ ಓದಿ, ಆ ಪ್ರಾಂತ್ಯದ ಬಗ್ಗೆ ನಲವತ್ತು ಪುಟದ ವರದಿ ಬರೆದ.

ವರದಿ ಒಪ್ಪಿಸುವ ದಿನ ಮೇಜಿನಾಚೆ ಮುದೀರ್, ಪಕ್ಕದಲ್ಲಿ ಸೇಲ್ಸಿನ ಮಂಗಳೂರು ಹುಡುಗ ಬ್ರಯಾನ್. ಬ್ರಯಾನ್ ಭೂಪಟ ಬಿಡಿಸಿ ಚಿಲಿಯನ್ನು ಆಫ್ರಿಕಾದಲ್ಲಿ ಹುಡುಕುತ್ತಿದ್ದ.

“ವಿಸ್ತೀರ್ಣ ಎಪ್ಪತ್ತೈದು ಸಾವಿರದ ನೂರ ಎಪ್ಪತ್ತಾರು ಚದರ ಕಿಲೋಮೀಟರ್,” ಎಂದ ಯಶೋಧರ. “ಕುವೈತಿನ ನಾಲ್ಕು ಪಟ್ಟು. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಆಂಡೀಸ್, ನಡುವೆ ಮರುಭೂಮಿ. ಎರಡು ಸಾವಿರದ ಹದಿನೇಳರ ಗಣತಿಯಲ್ಲಿ ಜನ ಎರಡು ಲಕ್ಷ ಎಂಬತ್ತಾರು ಸಾವಿರದ ನೂರ ಅರುವತ್ತೆಂಟು. ಚದರ ಕಿಲೋಮೀಟರಿಗೆ ನಾಲ್ಕು ಜನವೂ ಇಲ್ಲ ಸರ್.”

ಮುದೀರ್ ಬೆರಗಾಗಿ ಕುರ್ಚಿಗೆ ಒರಗಿದ. “ನಾಲ್ಕೂ ಇಲ್ಲವಾ? ಮಹಬೂಲಾದ ನಿನ್ನ ಫ್ಲ್ಯಾಟಿನಲ್ಲಿ ಎಷ್ಟು?”

ಯಶೋಧರ ಮನಸ್ಸಿನಲ್ಲೇ ಲೆಕ್ಕ ಹಾಕಿದ. ನಿಜ ಹೇಳಿದರೆ ರೋಶನ್ ಬೀದಿಗೆ, ಟಿಕೆಟೂ ಕೈತಪ್ಪೀತು.

“ಐದು ಸರ್.”

“ಮೂರು ಕೋಣೆಗೆ ಐದೇ? ಅದೂ ಅಟಕಾಮಾನೇ.” ಮುದೀರ್ ನಕ್ಕ. “ಪ್ಯಾಕಿಂಗಿಗೆ ಆರು ಜನ ಹೊಸಬರು ಗುರುವಾರ ಬರುತ್ತಿದ್ದಾರೆ. ನಿನ್ನಲ್ಲೇ ಇಳಿಸಿಕೋ. ಖಲಾಸ್, ಮುಗಿಯಿತು.”

“ಆಗಲಿ ಸರ್. ಮತ್ತೆ ಆ ಚಿಲಿಯ ಟಿಕೆಟು...”

“ನಿನಗೆ ಯಾಕೆ? ಇಲ್ಲಿ ಕೂತೇ ನಿನಗೆ ಎಲ್ಲ ಗೊತ್ತು. ಇವನಿಗೆ ಏನೂ ಗೊತ್ತಿಲ್ಲ, ಇವನು ಬಂದು ನೋಡಲಿ.” ಬ್ರಯಾನಿನ ಬೆನ್ನು ತಟ್ಟಿ ಮುದೀರ್ ಎದ್ದ. “ಯಲ್ಲಾ, ಹೊರಡೋಣ.”

ಹೊರಗೆ ಬ್ರಯಾನ್ ಕೈ ಚಾಚಿದ. “ಯಶೋಧರಣ್ಣ, ಬೇಜಾರು ಮಾಡಬೇಡಿ ಆಯ್ತಾ. ಆ ಫೈಲು ಕೊಡಿ, ಪ್ಲೇನಿನಲ್ಲಿ ನಿದ್ದೆ ಬರಲಿಕ್ಕೆ ಬೇಕು.”

ಗುರುವಾರ ಆರು ಮಂದಿ ಪೆಟ್ಟಿಗೆ ಹೊತ್ತು ಬಂದರು. ನಾಲ್ವರು ಕಡಲ ಕೋಣೆಗೆ, ಇಬ್ಬರು ಹಜಾರಕ್ಕೆ. ಕೂಗಾಟದ ನಡುವೆ ಯಶೋಧರನ ಚಾಪೆ ಬಾಲ್ಕನಿ ಸೇರಿತು. ಕಡಲು ಈಗ ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು.

ಮುಂದಿನ ಶುಕ್ರವಾರ ಮಧ್ಯಾಹ್ನ ಅವನು ಅಲ್ಲೇ ಕೂತಿದ್ದಾಗ ಚಿಲಿಯಿಂದ ಬ್ರಯಾನಿನ ಧ್ವನಿಸಂದೇಶ ಮೊಬೈಲಿಗೆ ಬಂತು: “ಅಣ್ಣ, ಕೊಪಿಯಾಪೊ ನದಿ ಅಂತ ಬರೆದಿದ್ದೀರಲ್ಲ, ನಾನು ಸೇತುವೆ ಮೇಲೆ ನಿಂತಿದ್ದೇನೆ. ಕೆಳಗೆ ಬರೀ ಕಲ್ಲು. ನದಿ ಎಲ್ಲಿ ಉಂಟು ಮಾರಾಯ್ರೆ?”

ಉತ್ತರ ಬರೆಯುವಷ್ಟರಲ್ಲಿ ರೋಶನ್ ಅಕ್ಕಿಯ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತ. “ಭಾವ, ಇವತ್ತು ಎಲ್ಲರಿಗೂ ರಜೆ. ಹೊಸಬರ ದೋಸ್ತಿಗಳೂ ಬಂದಿದ್ದಾರೆ. ಎಷ್ಟು ಜನಕ್ಕೆ ಹಾಕುವುದು?”

ಯಶೋಧರ ಒಳಗೆ ಇಣುಕಿದ. ಮಂಚದ ಮೇಲೆ, ಕೆಳಗೆ, ಬಾಗಿಲ ಸಂದಿಯಲ್ಲಿ ಬರೀ ಕಾಲುಗಳು. ಹದಿನಾಲ್ಕರ ತನಕ ಎಣಿಸಿದ. ಯಾರೋ ಮಗ್ಗುಲು ಬದಲಿಸಿದರು, ಲೆಕ್ಕ ತಪ್ಪಿತು.

“ಸುಮಾರಾಗಿ ಹಾಕು ಮಾರಾಯ,” ಎಂದ.