ಜಕ್ಕಪ್ಪನ ಅತ್ತರು, ಹೊಳೆವ್ವನ ಮೂಗು

ಮಗ್ಗಕ್ಕೆ ಎಣ್ಣೆ ಬಿಡಲೆಂದು ಹೊಳೆವ್ವ ಗೂಡಿಗೆ ಕೈ ಹಾಕಿದಳು. ಮಗ್ಗದ ಎಣ್ಣೆಯ ಬಾಟಲಿ ಖಾಲಿ. ಪಕ್ಕದ ಶ್ರೀಗಂಧದ ಎಣ್ಣೆಯ ಬಾಟಲಿಯ ಬಿರಡೆಯನ್ನು ಯಾರೂ ತೆಗೆದೇ ಇರಲಿಲ್ಲ. ಗಂಡ ಜಕ್ಕಪ್ಪ ಬೆಳಿಗ್ಗೆ ಮದುವೆಯ ಅತ್ತರನ್ನು ಯಾವ ಎಣ್ಣೆಯಲ್ಲಿ ಕಲಸಿಕೊಂಡು ಹೋಗಿದ್ದಾನೆಂದು ತಿಳಿಯಲು ಇನ್ನೇನು ಬೇಕು?

ಎರಡೂ ತಿಳಿ ಹಳದಿ ಎಣ್ಣೆ, ಒಂದೇ ಥರದ ಬಾಟಲಿ. ಮೂಗಿದ್ದವನಿಗೆ ಕತ್ತಲಲ್ಲೂ ಗೊತ್ತಾಗುತ್ತದೆ. ಆದರೆ ಜಕ್ಕಪ್ಪನ ಮೂಗು ಹೋದ ಮಳೆಗಾಲದ ಜ್ವರದಲ್ಲಿ ಸತ್ತುಹೋಗಿತ್ತು. ಮಗ್ಗುಲಲ್ಲೇ ಹಾಲು ಸೀದು ಕರಕಲಾದರೂ ಅವನು ಸುಮ್ಮನೆ ಕೂತಿದ್ದ ದಿನವೇ ಅವಳಿಗೆ ತಿಳಿದಿತ್ತು. ಹೇಳಿಕೊಳ್ಳುವ ಗಂಡಸು ಅವನಲ್ಲ, ಕೇಳಿ ಅವನ ಮನಸ್ಸು ನೋಯಿಸುವ ಹೆಂಗಸು ಇವಳಲ್ಲ. ಇಬ್ಬರೂ ಬಾಯಿ ಮುಚ್ಚಿಕೊಂಡು ಜಾಣರಾದರು, ಅದರ ಫಲ ಇದು!

ಬನಹಟ್ಟಿಯಲ್ಲಿ ಮಗ್ಗ ನಡೆಸುವವರು ಬೇಕಾದಷ್ಟು ಜನರಿದ್ದರು. ಅತ್ತರು ಕಲಸುವವನು ಜಕ್ಕಪ್ಪ ಒಬ್ಬನೇ. ಮಲ್ಲಿಗೆ, ಕೇದಗೆಯ ವಾಸನೆ ಬಂದ ಹಾಗೇ ಓಡಿಹೋಗುತ್ತದೆ, ಶ್ರೀಗಂಧದ ಎಣ್ಣೆ ಅದನ್ನು ಹಿಡಿದು ಕೂಡಿಸುತ್ತದೆ. ಅವನು ಹಚ್ಚಿದ ಅತ್ತರು ಮರುದಿನವೂ ಕೈಯಲ್ಲಿ ಇರುತ್ತಿತ್ತು. ಆ ಹೆಸರೊಂದೇ ಅವನ ಆಸ್ತಿ. ಈಗ ಬೀಗರ ರೇಷ್ಮೆಗೆ ಮಗ್ಗದ ಜಿಡ್ಡು ತಗುಲಿದರೆ ಆ ಹೆಸರು ಮಣ್ಣುಪಾಲು.

ಹೊಳೆವ್ವ ಗಂಧದ ಬಾಟಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಿದಳು. ಅರಿವೆ ವ್ಯಾಪಾರಿ ರಾಮಲಿಂಗಪ್ಪನ ಮಗಳ ಮದುವೆಯ ಚಪ್ಪರ ಮುಟ್ಟುವಷ್ಟರಲ್ಲಿ, ನೆರೆದ ಗಂಡಸರ ನಡುವೆ ಜಕ್ಕಪ್ಪ ಹತ್ತಿ ಸುತ್ತಿದ ಕಡ್ಡಿಯನ್ನು ಅದ್ದಿ ಎತ್ತಿದ್ದ. ವರನ ತಂದೆ ಕೈ ಚಾಚಿದ್ದರು. ಕಿವಿಯಲ್ಲಿ ಹೇಳಲು ದಾರಿಯಿಲ್ಲ. ಖರೆ ಹೇಳಿದರೆ ಗಂಡನ ಮೂಗಿನ ಸುದ್ದಿ ಊರ ಬಾಯಿಗೆ ಬೀಳುತ್ತದೆ.

"ತಡೀರಿ!" ಚಪ್ಪರದ ಹೊರಗೇ ನಿಂತು ಕೂಗಿದಳು. "ಆ ಅತ್ತರ ಹಚ್ಚಬ್ಯಾಡ್ರಿ. ನಾ ಮುಟ್ಟಾಗೇನ್ರಿ, ತಿಳೀದ ಅತ್ತರ ಪೆಟಗಿ ಮುಟ್ಟೀನಿ!"

ವರನ ತಂದೆ ಚಾಚಿದ ಕೈಯನ್ನು ಸರಕ್ಕನೆ ಎಳೆದುಕೊಂಡರು. ರಾಮಲಿಂಗಪ್ಪನ ತಾಯಿ ರುಕ್ಮವ್ವ ಎದ್ದೇ ಬಂದಳು. "ನಾಚಿಕಿ ಇಲ್ಲೇನ ಬೇ ನಿನಗ? ಶುಭಕಾರ್ಯ ಮೈಲಿಗಿ ಮಾಡಾಕ ಬಂದಿ? ಇನ್ನೊಮ್ಮೆ ನಮ್ಮ ಬಾಗಲಾ ತುಳೀಬ್ಯಾಡ, ನಡಿ ಆಚೆ!"

ಹೊಳೆವ್ವ ತಲೆ ತಗ್ಗಿಸಿದಳು. ಇಷ್ಟು ಮಂದಿ ಗಂಡಸರೆದುರು ಅಂಥ ಮಾತಾಡಿದ್ದಕ್ಕೆ ಮೈಯೆಲ್ಲ ಹಿಡಿಯಷ್ಟಾಗಿತ್ತು. ಆದರೂ ಗಂಡ ಉಳಿದನಲ್ಲ ಎಂಬ ಸಮಾಧಾನದಲ್ಲಿ ಹೊರಳಿದಳು.

ಜಕ್ಕಪ್ಪನ ಕೈಯಲ್ಲಿ ಕಡ್ಡಿ ಹಾಗೇ ಇತ್ತು. ಹೆಂಡತಿಯ ಮುಟ್ಟು ನಿಂತು ಎರಡು ವರ್ಷವಾಗಿದ್ದು ಆ ಚಪ್ಪರದಲ್ಲಿ ಅವನೊಬ್ಬನಿಗೇ ಗೊತ್ತು. ಕಡ್ಡಿಯನ್ನು ಮೂಗಿಗೆ ಹಿಡಿದ. ಏನೂ ಇಲ್ಲ. ಬೆರಳಿನಿಂದ ಉಜ್ಜಿ ನೋಡಿದ. ಮಗ್ಗದ ಜಿಡ್ಡು ಎಂಥದ್ದೆಂದು ಅವನ ಬೆರಳಿಗೆ ಗೊತ್ತಿತ್ತು.

"ಆಕಿ ಸುಳ್ಳ ಹೇಳ್ಯಾಳ್ರಿ," ಎಂದ. "ತಪ್ಪ ನಂದು. ನನಗ ವಾಸನಿ ಬರೂದಿಲ್ಲ. ಇದು ಗಂಧದ ಎಣ್ಣಿ ಅಲ್ಲ, ಮಗ್ಗದ ಎಣ್ಣಿ. ನನ್ನ ಮಾನ ಉಳಸಾಕ ಆಕಿ ತನ್ನ ಮಾನ ಕಳಕೊಂಡ್ಳು."

ಹೊಳೆವ್ವನಿಗೆ ಅಳು ಬಂತು, ಸಿಟ್ಟೂ ಬಂತು. ಇಷ್ಟೆಲ್ಲ ಮಾಡಿ ಉಳಿಸಿದ್ದನ್ನು ಈ ಮನುಷ್ಯ ಕೈಯಾರೆ ಚೆಲ್ಲಿದನಲ್ಲ!

ವರನ ತಂದೆ ನಿಧಾನವಾಗಿ ಕೇಳಿದರು. "ಹಂಗಾರ ಖರೆ ಎಣ್ಣಿ ಎಲ್ಲೈತಿ?"

ಹೊಳೆವ್ವ ಸೆರಗಿನಿಂದ ಬಾಟಲಿ ಬಿಚ್ಚಿದಳು. ಹೂವಿಲ್ಲದ ಬರೀ ಗಂಧ. ಜಕ್ಕಪ್ಪ ಹೊಸ ಕಡ್ಡಿ ಅದ್ದಿ ಬೀಗರ ಕಡೆ ಹೋಗಲಿಲ್ಲ, ಚಪ್ಪರದ ಹೊರಗೆ ಬಂದು ಹೆಂಡತಿಯ ಕೈ ಹಿಡಿದು ಮಣಿಕಟ್ಟಿಗೆ ಹಚ್ಚಿದ.

"ನೋಡಿ ಹೇಳ," ಎಂದ, ಎಲ್ಲರಿಗೂ ಕೇಳುವಂತೆ.

ಶ್ರೀಗಂಧ ಅವಸರದ್ದಲ್ಲ. ಮೈಯ ಕಾವು ಹತ್ತಿದ ಮೇಲೆ ಅದರ ವಾಸನೆ ಏಳಬೇಕು. ಅವಳು ಕಾದಳು, ಚಪ್ಪರವೆಲ್ಲ ಕಾಯಿತು. ಕಡೆಗೆ ಕೈಯನ್ನು ಮೂಗಿನ ಹತ್ತಿರ ತಂದಳು.

"ಛಲೋ ಐತಿ. ಹಚ್ಚರಿ."

ಬೀಗರಿಗಿಂತ ಮೊದಲು ಕೈ ಮುಂದೆ ಮಾಡಿದವಳು ರುಕ್ಮವ್ವ.